ಬರೆಯದೆ ಬಿಟ್ಟ ಕಾಲಂ

ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎಣ್ಣೆ ಮಿಲ್ಲುಗಳ ಬೀದಿಗೆ ತಿರುಗಿದರೆ ಸಾಕು, ನನಗೆ ಹಸಿವಾಗುತ್ತದೆ. ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದಿದ್ದರೂ ಅಷ್ಟೆ. ಬಿಸಿ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿದ ಕೂಡಲೇ ಎದೆ ಡವಡವ ಅನ್ನುತ್ತದೆ, ಕಾಲು ತಾನಾಗಿ ಬಿರುಸಾಗುತ್ತದೆ. ಮೊನ್ನೆ ಹೊಸದಾಗಿ ಸೇರಿದ ಆಂಬುಲೆನ್ಸ್ ಸಿಬ್ಬಂದಿಗೆ ತರಬೇತಿ ಕೊಡಲು ಹೋಗಿದ್ದಾಗಲೂ ಹಾಗೇ ಆಯಿತು. ಜೊತೆಗಿದ್ದ ಹೊಸ ನರ್ಸು, "ಯಾಕೆ ಮೇಡಂ ಓಡ್ತಾ ಇದೀರಾ? ಇನ್ನೂ ಅರ್ಧ ಗಂಟೆ ಟೈಮ್ ಐತೆ" ಎಂದಳು. ಓಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಈ ಬೀದಿಯ ಒಂದು ಮಹಡಿಯ ಮೇಲೆ, ಇದೇ ವಾಸನೆಯ ನಡುವೆ, ಒಂದು ಮಧ್ಯಾಹ್ನ ನಾವು ಕೂತಿದ್ದೆವು ಎಂದು ಅವಳಿಗೆ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಬಾಯಲ್ಲಿ ಹೇಳಹೊರಟರೆ ನಾನು ಮಧ್ಯದಲ್ಲೇ ಎದ್ದು ಕುಣಿಯುತ್ತೇನೆ.

ಆ ವರ್ಷ ಆಷಾಢದ ಗಾಳಿ ಶುರುವಾದ ವಾರ ಮೊಳಕಾಲ್ಮೂರಿನ ಆಂಬುಲೆನ್ಸಿಗೆ ನರ್ಸ್ ಆಗಿ ಸೇರಿದೆ. ನಮ್ಮದು ಅದೇ ಊರು. ಮನೆಯಲ್ಲಿ ಒಂದು ಮಗ್ಗ, ಅದರ ಮುಂದೆ ಅವ್ವ. ನನ್ನನ್ನು ನರ್ಸಿಂಗ್ ಓದಿಸಿದ್ದು ಆ ಮಗ್ಗದ ರೇಷ್ಮೆ ಸೀರೆಗಳೇ. ಗಾಡಿ ನಿಲ್ಲುವ ಶೆಡ್ಡು ನಮ್ಮ ಮನೆಯಿಂದ ಎರಡೇ ಬೀದಿ ಆಚೆ ಇತ್ತು. ಶೆಡ್ಡಿಗೆ ಅಂಟಿಕೊಂಡು ಒಂದು ಕೋಣೆ, ಅದರಲ್ಲಿ ಎರಡು ಕುರ್ಚಿ, ಒಂದು ಟೇಬಲ್ಲು, ಒಂದು ಫೋನು. ಮೊದಲ ದಿನ ಗಾಡಿಯೊಳಗೆ ಹತ್ತಿ ಒಂದೊಂದು ಡ್ರಾಯರನ್ನೂ ಎಳೆದು ನೋಡಿದೆ. ಗಾಯಕ್ಕೆ ಕಟ್ಟುವ ಬಟ್ಟೆ, ಹತ್ತಿ, ಸೂಜಿ, ಡೆಲಿವರಿ ಕಿಟ್ಟು, ಎಲ್ಲ ನನ್ನದು! ಇಪ್ಪತ್ತಮೂರು ವರ್ಷದ ನನಗೆ ತಾಲ್ಲೂಕಿನ ಜೀವವೆಲ್ಲ ನನ್ನ ಕೈಗೇ ಕೊಟ್ಟ ಹಾಗಾಗಿತ್ತು.

ಗಾಡಿಯ ಡ್ರೈವರ್ ಖಾದರ್ ಚಾಚಾ. ಮೂಲ ಚಳ್ಳಕೆರೆಯವರು, ಮನೆತನಕ್ಕೆ ಮನೆತನವೇ ಮೆಕ್ಯಾನಿಕ್ಕುಗಳು. ಐವತ್ತೇಳು ವರ್ಷ, ಬಿಳಿ ಗಡ್ಡ, ಸ್ಟೇರಿಂಗ್ ಹಿಡಿದರೆ ಮಾತ್ರ ಮೂವತ್ತು. ನಮ್ಮ ಗುತ್ತಿಗೆದಾರರ ಕೈಯಲ್ಲಿ ಮೂರು ಗಾಡಿಗಳಿದ್ದವು: ಮೊಳಕಾಲ್ಮೂರಿನಲ್ಲಿ ಒಂದು, ತಳಕಿನಲ್ಲಿ ಒಂದು, ಚಳ್ಳಕೆರೆಯಲ್ಲಿ ಒಂದು. ಮೂರರ ಡ್ರೈವರುಗಳೂ ಚಾಚಾ ಕೈಯಲ್ಲಿ ಪಳಗಿದವರೇ. ಮೊದಲ ದಿನವೇ ಅವರು ನನ್ನ ಮುಂದೆ ಗಾಡಿಯ ದಿನಚರಿ ಪುಸ್ತಕ ತೆರೆದಿಟ್ಟರು.

"ಬೇಟಿ, ಮೂರು ಮಾತು ತಿಳ್ಕೋ. ಡ್ಯೂಟಿ ಮುಗಿಯೋವರೆಗೂ ಬೂಟು ಬಿಚ್ಚಬೇಡ. ಚಾ ಪೂರಾ ಕುಡೀತೀನಿ ಅಂತ ಆಸೆ ಇಟ್ಕಬೇಡ. ಇನ್ನ ಈ ಕೊನೇ ಕಾಲಂ ಐತಲ್ಲ, ಇದನ್ನ ಯಾವತ್ತೂ ಬರೀಬೇಡ."

ಆ ಕಾಲಮ್ಮಿನ ಮೇಲೆ 'ಕರೆಗಾಗಿ ಕಾಯ್ದ ಸಮಯ' ಎಂದು ಅಚ್ಚಾಗಿತ್ತು. ಹಿಂದಿನ ಹಾಳೆಗಳನ್ನು ತಿರುಗಿಸಿದೆ. ಎಲ್ಲ ಖಾಲಿ.

"ಯಾಕೆ ಚಾಚಾ?"

"ಕಾಯ್ತಾ ಇದೀವಿ ಅಂದ್ರೆ ಏನು? ಯಾರಿಗಾದ್ರೂ ಏನಾದ್ರೂ ಆಗ್ಲಿ ಅಂತ ಕಾಯ್ತಾ ಇದೀವಿ ಅಂತ ತಾನೆ? ತೌಬಾ! ಅದು ನಮ್ಮ ಬಾಯಲ್ಲೂ ಬರಬಾರ್ದು, ಪೆನ್ನಲ್ಲೂ ಬರಬಾರ್ದು."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅವರು ಆ ಕಾಲಂ ತುಂಬಿದ್ದರಂತೆ. ಶಾಯಿ ಆರುವ ಮೊದಲೇ ಮದುವೆಗೆ ಹೊರಟಿದ್ದ ಟೆಂಪೊ ಉರುಳಿದ ಸುದ್ದಿ ಬಂತಂತೆ. ಅಂದಿನಿಂದ ಮೂರೂ ಗಾಡಿಗಳಲ್ಲಿ ಆ ಕಾಲಂ ಖಾಲಿ. ನಾನು ನಗಲಿಲ್ಲ. ಮಗ್ಗಕ್ಕೆ ಹೂಡಿದ ಉದ್ದ ಎಳೆಗಳ ಹಾಸನ್ನು ಯಾರೂ ದಾಟಬಾರದು ಎನ್ನುವ ಮನೆಯಲ್ಲಿ ಹುಟ್ಟಿದವಳು ನಾನು, ನನಗೆ ಅದು ಸರಿಯಾಗಿಯೇ ಕಂಡಿತು.

ಒಂದು ವಾರ ಹಗಲು, ಒಂದು ವಾರ ರಾತ್ರಿ. ಹಗಲಿನ ವಾರಕ್ಕೆ ಪೂರ್ತಿ ಸಂಬಳ ಬರುತ್ತಿತ್ತು. ರಾತ್ರಿಯ ವಾರದಲ್ಲಿ ಎಂಟಕ್ಕೆ ಹೋದರೆ ಬೆಳಿಗ್ಗೆ ಎಂಟರವರೆಗೆ ಕೋಣೆ ಬಿಟ್ಟು ಕದಲುವಂತಿರಲಿಲ್ಲ. ಆದರೆ ಕೂಲಿ ಸಿಗುತ್ತಿದ್ದದ್ದು ಗಾಡಿ ಶೆಡ್ಡು ಬಿಟ್ಟ ಗಳಿಗೆಯಿಂದ ವಾಪಸ್ ಬಂದ ಗಳಿಗೆಯವರೆಗೆ ಮಾತ್ರ. ಕರೆ ಬರದ ರಾತ್ರಿಗೆ ಬಿಡಿಗಾಸೂ ಇಲ್ಲ. ನೆಮ್ಮದಿಯ ರಾತ್ರಿ ಬಂತೆಂದರೆ ಊರಿಗೆ ಒಳ್ಳೆಯದು, ನಮಗೆ ದಂಡ. ಇದರಷ್ಟು ತಲೆಕೆಳಗಾದ ಲೆಕ್ಕವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅವ್ವ ಎರಡು ತಿಂಗಳು ಸುಮ್ಮನಿದ್ದಳು. ಶ್ರಾವಣ ಮುಗಿದ ದಿನ ಮಗ್ಗದಿಂದ ತಲೆ ಎತ್ತದೆಯೇ ಹೇಳಿದಳು.

"ನೋಡು ಪದ್ಮಾ, ದೀಪಾವಳಿ ಕಳೀತಿದ್ದಂಗೆ ಮದ್ವೆ ಸೀರೆ ಕೇಳ್ತಾರೆ. ಹೊಸ ಹಾಸು ಹೂಡ್ಬೇಕು. ನನಗೊಬ್ಬಳಿಗೆ ಆಗಂಗಿಲ್ಲ. ಹನ್ನೆರಡು ತಾಸು ಅಲ್ಲಿ ಕೂತು ಎರಡು ತಾಸಿನ ಕೂಲಿ ತರ್ತೀಯ. ಹಬ್ಬದೊಳಗೆ ಇದು ಸರಿಹೋದ್ರೆ ಸರಿ. ಇಲ್ಲಾಂದ್ರೆ ಮಗ್ಗಕ್ಕೆ ಕೂತ್ಕೋ."

"ಅವ್ವ, ನಾನು ನರ್ಸು."

"ಇಲ್ಲ ಅಂದ್ನಾ? ಹೊಟ್ಟೆಗೆ ಹಿಟ್ಟು ಬೇಡ್ವಾ?"

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಅಳು ಬಂತು. ಆ ಕೆಲಸವನ್ನು ನಾನು ಹುಚ್ಚಿಯಂತೆ ಪ್ರೀತಿಸುತ್ತಿದ್ದೆ. ಶೇಂಗಾ ಹೊಲದಲ್ಲಿ ಹಾವು ಕಡಿದ ಅಜ್ಜಿಯೊಬ್ಬಳು ದಾರಿಯುದ್ದಕ್ಕೂ ನನ್ನ ಕೈ ಬಿಡದೆ ತೆಲುಗಿನಲ್ಲಿ ಹಾವಿನ ವಂಶವನ್ನೆಲ್ಲ ಬಯ್ದು, ಎಂಟು ದಿನದ ಮೇಲೆ ಸೆರಗಿನ ತುಂಬ ಸೀತಾಫಲ ತಂದು ಟೇಬಲ್ಲಿನ ಮೇಲೆ ಸುರಿದಿದ್ದಳು. ಅಂಥದ್ದನ್ನು ಬಿಟ್ಟು ಹೋಗುವುದು ಹೇಗೆ? ದೀಪಾವಳಿಗೆ ಇನ್ನು ಎರಡು ತಿಂಗಳಿತ್ತು.

ಮೂರೂ ಗಾಡಿಯವರು ಸೇರಿ ಒಂದು ಅರ್ಜಿ ಬರೆದೆವು. ರಾತ್ರಿ ಡ್ಯೂಟಿಯ ಹನ್ನೆರಡೂ ತಾಸನ್ನು ಕೆಲಸವೆಂದು ಎಣಿಸಬೇಕು, ಇಷ್ಟೇ ನಮ್ಮ ಬೇಡಿಕೆ. ಚಳ್ಳಕೆರೆಯ ಆಫೀಸಿನಲ್ಲಿ ಗುತ್ತಿಗೆದಾರರ ಮ್ಯಾನೇಜರ್ ಅರ್ಜಿ ಓದಿ ಸಿಟ್ಟಾಗಲಿಲ್ಲ. ಮೂರು ದಿನಚರಿ ಪುಸ್ತಕಗಳನ್ನು ತರಿಸಿ ಟೇಬಲ್ಲಿನ ಮೇಲಿಟ್ಟು ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟರು.

"ಕಾಯ್ದಿದ್ರೆ ಬರೀತಿದ್ರಿ ಅಲ್ವಾ? ಒಂದೇ ಒಂದು ಹಾಳೇಲಿ ತೋರಿಸ್ರಿ. ಇಲ್ಲ. ಅಂದ್ರೆ ಆ ಹೊತ್ತು ನೀವು ವಿಶ್ರಾಂತೀಲಿದ್ರಿ. ವಿಶ್ರಾಂತಿಗೆ ಯಾರ್ರೀ ಸಂಬಳ ಕೊಡ್ತಾರೆ?"

ನಾನು ಚಾಚಾ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಊರಿನವರ ಒಳ್ಳೆಯದಕ್ಕೆಂದು ಖಾಲಿ ಬಿಟ್ಟ ಕಾಲಂ ನಮ್ಮ ಕುತ್ತಿಗೆಗೇ ಬಂದಿತ್ತು.

ಅಲ್ಲಿಂದ ನೇರವಾಗಿ ಕಾರ್ಮಿಕ ಇಲಾಖೆಯ ಆಫೀಸಿಗೆ ಹೋದೆವು. ಎಣ್ಣೆ ಮಿಲ್ಲಿನ ಎದುರಿನ ಮಹಡಿಯ ಮೇಲೆ ಒಂದು ಪುಟ್ಟ ಕೋಣೆ. ಅಧಿಕಾರಿ ಹೆಂಗಸು, ಮಾತು ಕಡಿಮೆ. ನಮ್ಮ ಕಥೆಯನ್ನೆಲ್ಲ ಕೇಳಿ, "ನೀವು ಹೇಳೋದು ನಂಬ್ತೀನಿ. ಆದರೆ ನಾನು ನಂಬಿದರೆ ಸಾಲದು. ಒಂದು ತಿಂಗಳು ಆ ಕಾಲಂ ತುಂಬಿಸಿ ತನ್ನಿ. ಎರಡೂ ಕಡೆಯವರನ್ನು ಕೂರಿಸಿ ವಿಚಾರಣೆ ಮಾಡ್ತೀನಿ" ಎಂದರು. ನಾನು ಮೆಟ್ಟಿಲನ್ನು ಎರಡೆರಡು ಹಾರಿ ಇಳಿದೆ. ಒಂದು ತಿಂಗಳು! ದೀಪಾವಳಿಗೆ ಮೊದಲೇ ಮುಗಿಯುತ್ತದೆ! ಕೆಳಗಿಳಿದು ತಿರುಗಿ ನೋಡಿದರೆ ಚಾಚಾ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

"ನಾನು ಬರಿಯಂಗಿಲ್ಲ ಬೇಟಿ" ಎಂದರು.

ಅವರು ಬರೆಯದಿದ್ದರೆ ಯಾರೂ ಬರೆಯುವುದಿಲ್ಲ. ತಳಕಿನ ಚಹದಂಗಡಿಯಲ್ಲಿ ಒಂದು ಭಾನುವಾರ ಎಲ್ಲರೂ ಸೇರಿದಾಗ ಅದು ಗೊತ್ತಾಯಿತು. ಚಳ್ಳಕೆರೆ ಗಾಡಿಯ ಡ್ರೈವರ್ ಓಬಳೇಶ ಆರಡಿ ಆಳು, ಯಾರಿಗೂ ಹೆದರುವವನಲ್ಲ. ಅವನೇ, "ಚಾಚಾ ಬೇಡ ಅಂದ್ರೆ ಬೇಡ ಕಣಕ್ಕ. ನಾಳೆ ಏನಾರ ಆದ್ರೆ ಯಾರು ಹೊಣೆ?" ಎಂದು ಗ್ಲಾಸಿನೊಳಗೆ ಮುಖ ಹುದುಗಿಸಿಬಿಟ್ಟ. ನನಗೆ ರೇಗಿಹೋಯಿತು. ಮರುದಿನ ರಾತ್ರಿ ಎಂಟಕ್ಕೆ ಡ್ಯೂಟಿ ಹಿಡಿದವಳು ಚಾಚಾ ಕೈಕಾಲು ತೊಳೆಯಲು ಹೋದಾಗ ಪುಸ್ತಕ ತೆಗೆದು ಆ ಕಾಲಮ್ಮಿನಲ್ಲಿ 'ಎಂಟು ಗಂಟೆಯಿಂದ' ಎಂದು ಬರೆದೇ ಬಿಟ್ಟೆ.

ಹತ್ತು ನಿಮಿಷವೂ ಆಗಿರಲಿಲ್ಲ, ಫೋನು ಬಡಿದುಕೊಂಡಿತು! ರಾಂಪುರದ ಕಡೆಯ ಒಂದು ಹಳ್ಳಿ, ಮೊದಲ ಹೆರಿಗೆ, ನೋವು ಜೋರು. ಚಾಚಾ ತೆರೆದ ಪುಸ್ತಕ ನೋಡಿದರು, ನನ್ನ ಮುಖ ನೋಡಿದರು, ಕೀಲಿ ಎತ್ತಿಕೊಂಡು ಗಾಡಿಗೆ ಓಡಿದರು. ಆಸ್ಪತ್ರೆಗೆ ಇನ್ನೂ ನಾಲ್ಕು ಮೈಲಿ ಇರುವಾಗ ಮಗು ನನ್ನ ಕೈಗೆ ಬಂತು. ಗುಂಡಗುಂಡಗಿನ ಹೆಣ್ಣು ಮಗು, ಹುಟ್ಟಿದ ಕೂಡಲೇ ಸೈರನ್ನನ್ನು ಮೀರಿಸಿ ಕಿರುಚಿತು. ನಾನೂ ಅದರ ಜೊತೆ ಕಿರುಚಿದೆ.

"ನೋಡಿದ್ರಾ ಚಾಚಾ! ಬರೆದದ್ದಕ್ಕೆ ಬಂದಿದ್ದು ಇದು!"

"ಮಗು ತಾನಾಗಿ ಬಂತು ಕಣೇ. ನೀನು ಕರೆದ್ಯಾ?" ಎಂದರು ಚಾಚಾ. ಹಾಗಾದರೆ ಟೆಂಪೊ ಕೂಡ ತಾನಾಗಿ ಉರುಳಿತಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆ ಟೆಂಪೊದಿಂದ ಒಬ್ಬೊಬ್ಬರನ್ನೇ ಇಳಿಸಿದವರು ಅವರು, ನಾನಲ್ಲ.

ಅವ್ವನೇ ಈ ತೊಡಕನ್ನು ಬಗೆಹರಿಸಿದಳು, ಅದೂ ತನಗೆ ಗೊತ್ತಿಲ್ಲದೆ. ಬೆಳಿಗ್ಗೆ ಡ್ಯೂಟಿ ಮುಗಿದರೂ ನಾನು ಮನೆಗೆ ಹೋಗದೆ ಕೂತಿದ್ದೆ. ಅವ್ವ ಜೋಳದ ರೊಟ್ಟಿಯ ಡಬ್ಬಿ ಹಿಡಿದು ಹುಡುಕಿಕೊಂಡು ಬಂದಳು. ಚಾಚಾ ಗಾಡಿಯ ಗಾಜು ಒರೆಸುತ್ತಿದ್ದರು. ಅವ್ವ ಅವರನ್ನು ಸ್ವಲ್ಪ ಹೊತ್ತು ನೋಡಿ, "ಸಾಬ್ರೇ, ರಾತ್ರಿ ಎಲ್ಲ ಸುಮ್ನೆ ಕೂತಿರ್ತಾರೆ ಅಂದಿದ್ಲು ನನ್ನ ಮಗಳು. ನೀವು ಸುಮ್ನೆ ಕೂತಂಗೆ ಕಾಣಂಗಿಲ್ವಲ್ಲ" ಎಂದಳು.

"ಎಲ್ಲಿ ಕೂತ್ಕಳೋದು ತಾಯಿ? ಗಾಜು ಮಂಜು ಹಿಡೀತೈತೆ. ಟೈರು ನೋಡ್ಬೇಕು. ಬ್ಯಾಟರಿ ನೋಡ್ಬೇಕು. ರಾತ್ರಿ ಒಂದೆರಡು ಸಲ ಎಂಜಿನ್ ಓಡಿಸ್ಬೇಕು, ಇಲ್ಲಾಂದ್ರೆ ಚಳಿಗೆ ಹಟ ಮಾಡ್ತೈತೆ."

"ಅದನ್ನ ಬರೆದಿಲ್ವಾ?"

"ಅದೇನು ಬರಿಯೋದು?"

"ನಮ್ಮಲ್ಲಿ ಹೊಸ ಹಾಸು ಬಂದಾಗ ಹಳೇ ಹಾಸಿನ ತುದಿಗೆ ಒಂದೊಂದೇ ಎಳೆ ಹೊಸೆದು ಸೇರಿಸ್ತೀವಿ ಸಾಬ್ರೇ. ಸಾವಿರಾರು ಎಳೆ. ಮೂರು ದಿನ ಮಗ್ಗ ಆಡಂಗಿಲ್ಲ, ಒಂದು ಗೇಣು ಬಟ್ಟೆ ಬರಂಗಿಲ್ಲ. ಆದ್ರೂ ಎಳೆ ಸೇರಿಸೋಕೆ ಬೇರೆ ಕೂಲಿ ಐತೆ. ಸೀರೆ ಎಲ್ಲಿ ಅಂತ ಯಾವ ಸಾವ್ಕಾರನೂ ಕೇಳಂಗಿಲ್ಲ."

ಅಷ್ಟು ಹೇಳಿ ಅವ್ವ ಡಬ್ಬಿ ಇಟ್ಟು ಹೋದಳು. ಚಾಚಾ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದರು. ಆಮೇಲೆ ಒಳಗೆ ಬಂದು ಪುಸ್ತಕ ಎಳೆದುಕೊಂಡರು. "ಕಾಯ್ದೆ ಅಂತ ಬರಿಯಂಗಿಲ್ಲ. ಮಾಡಿದ್ದು ಬರೀತೀನಿ. ಅದರಲ್ಲೇನು ಪಾಪ?" ಎಂದರು. ನಾನು ಕುರ್ಚಿಯಿಂದ ಜಿಗಿದ ರಭಸಕ್ಕೆ ರೊಟ್ಟಿಯ ಡಬ್ಬಿ ನೆಲಕ್ಕೆ ಬಿತ್ತು.

ಆಮೇಲಿನ ಒಂದು ತಿಂಗಳನ್ನು ನಾನು ಹೇಗೆ ವರ್ಣಿಸಲಿ! ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸ ಭರದಲ್ಲಿತ್ತು, ನಡುವೆ ಎರಡು ಒಳ್ಳೆಯ ಮಳೆ, ದಾರಿಯೆಲ್ಲ ಹಸಿ ಮಣ್ಣಿನ ವಾಸನೆ. ಚಾಚಾ ಬರೆಯುತ್ತಿದ್ದಾರೆ ಎಂದು ತಿಳಿದ ದಿನವೇ ತಳಕಿನವರೂ ಚಳ್ಳಕೆರೆಯವರೂ ಪೆನ್ನು ಹಿಡಿದರು. ನಾವು ಬೆಳಿಗ್ಗೆ ಬೆಳಿಗ್ಗೆ ಫೋನಿನಲ್ಲಿ ಹಾಳೆಗಳ ಫೋಟೊ ಕಳಿಸಿಕೊಂಡು ಓದಿ ನಗುತ್ತಿದ್ದೆವು. ಚಾಚಾ ಬರೆದದ್ದು ಹೀಗಿರುತ್ತಿತ್ತು: 'ಒಂಬತ್ತೂ ಹತ್ತು, ಆಕ್ಸಿಜನ್ ನೋಡಿದೆ, ಸರಿ ಐತೆ. ಹನ್ನೊಂದೂವರೆ, ಹಿಂದಿನ ಎಡ ಚಕ್ರಕ್ಕೆ ಗಾಳಿ ಹಾಕಿದೆ. ಎರಡು ಗಂಟೆ, ಎಂಜಿನ್ ಓಡಿಸಿದೆ. ಮೂರೂ ಕಾಲು, ಸ್ಟ್ರೆಚರ್ ತೊಳೆದು ಒರೆಸಿದೆ. ನಾಲ್ಕು, ಪದ್ಮಾಗೆ ತೂಕಡಿಕೆ, ಎಬ್ಬಿಸಿದೆ. ನಾಲ್ಕೂ ನಲವತ್ತು, ನನಗೆ ತೂಕಡಿಕೆ, ಅವಳು ಎಬ್ಬಿಸಿದಳು.' ಇದನ್ನೆಲ್ಲ ಯಾಕೆ ಬರೆಯುತ್ತೀರಿ ಚಾಚಾ, ಕೇಸು ಕೆಡುತ್ತದೆ ಎಂದೆ. "ಸುಳ್ಳು ಬರೆದ್ರೆ ಕೆಡ್ತೈತೆ" ಎಂದರು.

ವಿಚಾರಣೆಯ ದಿನ ದೀಪಾವಳಿಗೆ ಇನ್ನು ಒಂಬತ್ತು ದಿನ. ಅವ್ವ ಹೊಸ ಹಾಸನ್ನು ತಂದು ಮನೆಯಲ್ಲಿಟ್ಟಿದ್ದಳು. ನಾನು ಮಧ್ಯಾಹ್ನ ಊಟ ಮಾಡದೆ ಮಹಡಿಯ ಮೇಲೆ ಕೂತಿದ್ದೆ. ಎದುರಿನ ಮಿಲ್ಲಿನಿಂದ ಬಿಸಿ ಹಿಂಡಿಯ ವಾಸನೆ ಅಲೆ ಅಲೆಯಾಗಿ ಬರುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ನಡುವೆ ಕಾರ್ಮಿಕ ಇಲಾಖೆಯ ಮೇಡಂ, ಒಂದು ಕಡೆ ಮ್ಯಾನೇಜರ್, ಇನ್ನೊಂದು ಕಡೆ ಚಾಚಾ, ನಾನು, ಓಬಳೇಶ. ಓಬಳೇಶನಿಗೆ ಅಂದು ಹಗಲು ಡ್ಯೂಟಿ. ಗಾಡಿಯನ್ನೂ ಅದರ ನರ್ಸನ್ನೂ ಕೆಳಗೆ ಬೀದಿಯಲ್ಲಿ ನಿಲ್ಲಿಸಿ ಬಂದಿದ್ದ.

ಮ್ಯಾನೇಜರ್ ತೂಕಡಿಕೆಯ ಸಾಲನ್ನೇ ಹಿಡಿದರು. "ನೋಡಿ ಮೇಡಂ, ಮಲಗ್ತೀವಿ ಅಂತ ಅವರೇ ಬರ್ಕೊಂಡಿದಾರೆ."

"ಎಬ್ಬಿಸಿದೆ ಅಂತಾನೂ ಬರೆದಿದಾರಲ್ಲ" ಎಂದರು ಮೇಡಂ, ಹಾಳೆ ತಿರುಗಿಸುತ್ತ.

"ಮೇಡಂ, ಗಾಡಿ ಒರೆಸೋದು, ಗಾಳಿ ಹಾಕೋದು, ಇವೆಲ್ಲ ಅವರ ಇಷ್ಟ. ನಾವೇನು ಮಾಡಿ ಅಂದಿಲ್ಲ. ಕರೆ ಇಲ್ಲದ ಹೊತ್ತು ಅವರು ಸ್ವತಂತ್ರರು..."

ಆಗ ಓಬಳೇಶನ ಜೇಬಿನಲ್ಲಿ ಫೋನು ಕೂಗಿತು. ಅವನು ಕೇಳಿದ್ದು ಒಂದೇ ಮಾತು, ಊರಿನ ಹೆಸರು. ಕುರ್ಚಿ ಹಿಂದಕ್ಕೆ ಬಿತ್ತು, ಮೆಟ್ಟಿಲ ಮೇಲೆ ಧಡಧಡ ಸದ್ದು, ಬಾಗಿಲು ಬಡಿದ ಸದ್ದು, ಸೈರನ್. ಮಿಲ್ಲಿನ ಬೀದಿಯ ಹಮಾಲರು ದಾರಿ ಬಿಡಿ ದಾರಿ ಬಿಡಿ ಎಂದು ಕೂಗಿದ್ದು ನಮಗೆ ಮೇಲಕ್ಕೆ ಕೇಳಿಸಿತು. ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ಪಾಪ, ಹೆಮ್ಮೆ ತಡೆಯಲಾಗಲಿಲ್ಲ ಅವರಿಗೆ.

"ನೋಡಿದ್ರಾ ಮೇಡಂ? ಎರಡು ನಿಮಿಷಾನೂ ಆಗ್ಲಿಲ್ಲ! ಫೋನ್ ಬಂದ ಎರಡು ನಿಮಿಷಕ್ಕೆ ಗಾಡಿ ಹೊರಡ್ಲೇಬೇಕು, ಅದು ನಮ್ಮ ರೂಲು. ಹಗಲು ರಾತ್ರಿ ಅನ್ನೋ ಭೇದ ಇಲ್ಲ."

ಮೇಡಂ ಹಾಳೆ ತಿರುಗಿಸುವುದನ್ನು ನಿಲ್ಲಿಸಿದರು. "ರಾತ್ರೀನೂ ಎರಡೇ ನಿಮಿಷಾನಾ?"

"ರಾತ್ರೀನೂ! ತಡ ಮಾಡಿದ್ರೆ ನಾನು ದಂಡ ಹಾಕ್ತೀನಿ."

"ಬರ್ಕೊಳ್ಳಲಾ?"

"ಬರ್ಕೊಳ್ಳಿ ಮೇಡಂ!"

ಬರೆದುಕೊಂಡರು. ಬರೆದು ಮುಗಿಸಿ ಕೇಳಿದರು: "ಎರಡು ನಿಮಿಷದಲ್ಲಿ ಗಾಡಿ ಹತ್ತಬೇಕಾದವನು ಮನೆಗೆ ಹೋಗಿರೋಕೆ ಆಗುತ್ತಾ? ಬೂಟು ಬಿಚ್ಚಿ ಮಲಗಿರೋಕೆ ಆಗುತ್ತಾ? ಅವನು ಸ್ವತಂತ್ರ ಹೇಗ್ರೀ?"

ನಾನು ಮೇಜಿನ ಕೆಳಗೆ ಚಾಚಾ ಅಂಗಿಯ ತೋಳನ್ನು ಹಿಡಿದು ಎಳೆದೆ. ಅವರು ನನ್ನ ಕೈ ಬಿಡಿಸಿಕೊಂಡು ನೆಟ್ಟಗೆ ಕೂತರು. ಆ ತಿಂಗಳ ದಾಖಲೆಯನ್ನು ಒಪ್ಪಲಾಗಿದೆ, ಅದರ ಅಷ್ಟೂ ರಾತ್ರಿಗಳಿಗೆ ಹನ್ನೆರಡು ತಾಸಿನ ಸಂಬಳ ಕೊಡಬೇಕು, ಮುಂದೆಯೂ ಹಾಗೆಯೇ ಎಂದು ಮೇಡಂ ಓದಿ ಹೇಳಿದರು. ಮ್ಯಾನೇಜರ್ ಸಹಿ ಹಾಕಿದರು. ಪೆನ್ನು ಹಾಳೆಯ ಮೇಲೆ ಓಡಿದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

"ಹಿಂದಿನ ವರ್ಷಗಳದ್ದು?" ಎಂದು ನಾನು ಆಸೆಯಿಂದ ಕೇಳಿದೆ.

"ಅದಕ್ಕೆ ದಾಖಲೆ ಇದೆಯಾ?"

ಚಾಚಾ ಎದ್ದು ನಿಂತರು. "ಇಲ್ಲ ಮೇಡಂ. ಬರೀಬೇಡಿ ಅಂತ ಇವರಿಗೆಲ್ಲ ಹೇಳಿದ್ದು ನಾನೇ. ಒಳ್ಳೇದಕ್ಕೆ ಅಂತ ಹೇಳಿದ್ದೆ. ತಪ್ಪು ನಂದು, ಇವರದ್ದಲ್ಲ." ಮೇಡಂ ಪೆನ್ನು ಕೆಳಗಿಟ್ಟು, "ಕೂತ್ಕೊಳ್ಳಿ ಚಾಚಾ" ಎಂದರು.

ಕೆಳಗಿಳಿದಾಗ ನನಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆ. ಇನ್ನು ಕೆಲವೇ ವರ್ಷಕ್ಕೆ ನಿವೃತ್ತಿಯಾಗುವ ಮನುಷ್ಯ, ಎಷ್ಟು ವರ್ಷದ ರಾತ್ರಿಗಳು ಹೋದವೋ! ಚಾಚಾ ಮಾತ್ರ ಬೀದಿಯ ತುದಿಯನ್ನೇ ನೋಡುತ್ತ ನಿಂತಿದ್ದರು. ಮುಕ್ಕಾಲು ಗಂಟೆಯ ಮೇಲೆ ಓಬಳೇಶನ ಗಾಡಿ ವಾಪಸ್ ಬಂತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಾಯ್ತು ಚಾಚಾ, ಏನಾಯ್ತು?" ಎಂದು ಕೂಗಿದ.

"ಲೇ, ನಿನ್ನ ಪೇಶೆಂಟು ಹೆಂಗವ್ನೆ, ಅದನ್ನ ಮೊದ್ಲು ಹೇಳು."

"ಎದೆ ನೋವು. ಈಗ ಆರಾಮಾಗವ್ನೆ. ಆಸ್ಪತ್ರೇಲಿ ಚಾ ಕೇಳ್ತಾ ಅವ್ನೆ."

"ಹಂಗಾದ್ರೆ ನಮ್ಮದೂ ಆರಾಮಾಗೈತೆ ಕಣಲೇ!" ಎಂದು ಚಾಚಾ ಗಾಡಿಯ ಬಾನೆಟ್ಟಿಗೆ ಎರಡೂ ಕೈಯಿಂದ ಬಡಿದರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಅವ್ವನಿಗೆ ಫೋನು ಮಾಡಿದೆ. ಮಗ್ಗದ ಸದ್ದು ಕೇಳಿಸುತ್ತಿತ್ತು.

"ಅವ್ವ, ಆಯ್ತು! ಹನ್ನೆರಡು ತಾಸೂ! ಹಾಸು ಹೂಡೋಕೆ ಬೇರೆ ಯಾರನ್ನಾದ್ರೂ ನೋಡ್ಕೋ!"

ಮಗ್ಗ ನಿಂತಿತು.

"ಸಾಬ್ರದ್ದು ಹಳೇದು?" ಎಂದು ಕೇಳಿದಳು.

"ಬರಂಗಿಲ್ಲ ಅವ್ವ. ಯಾವುದೂ ಬರಂಗಿಲ್ಲ."

ಅವ್ವ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ ಮಗ್ಗ ಮತ್ತೆ ಆಡಲು ಶುರುವಾಯಿತು. ಆ ಸದ್ದಿನ ಮೇಲೆ ಧ್ವನಿ ಏರಿಸಿ ಅವಳು ಕೂಗಿದಳು: "ಇಬ್ಬರಿಗೂ ಬುತ್ತಿ ಕಟ್ತೀನಿ, ಬೇಗ ಬಸ್ಸು ಹತ್ತಿ ಬನ್ರಿ. ಎಂಟಕ್ಕೆ ಕೆಲಸ ಐತೆ!"